ಬೇರೊಬ್ಬರ ಹೆಸರಿನಲ್ಲಿದ್ದ ಕಿವಿ

ಚಳಿ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ, ಹೊಗೆ ಮಾತ್ರ ಬಂದಿತ್ತು. ಒಂದು ಸೋಮವಾರ ಬೆಳಗ್ಗೆ ದೆಹಲಿಯ ಲಕ್ಷ್ಮೀ ನಗರದ ನಮ್ಮ ಕ್ಲಿನಿಕ್ಕಿನ ಬೀಗ ತೆಗೆಯಲು ಹೋದರೆ ಆ ಹುಡುಗಿ ತಂದೆಯ ಜೊತೆ ಮೆಟ್ಟಿಲ ಮೇಲೆ ಕೂತಿದ್ದಳು. ಅಪಾಯಿಂಟ್‌ಮೆಂಟ್ ಇರಲಿಲ್ಲ. ನನ್ನನ್ನು ಕಂಡದ್ದೇ ಎದ್ದು, ಬಲಗಿವಿಯ ಹಿಂದಿನಿಂದ ಮಷೀನು ತೆಗೆದು ನನ್ನ ಅಂಗೈಗೆ ಹಾಕಿದಳು.

"ಆಂಟಿ, ಇದು ಬಂದ್ ಆಗೋಯ್ತು. ನಿನ್ನೆ ಶಾಮ್ ಸೇ. ಪೂರಾ ಬಂದ್."

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸದವರ ಜೊತೆ ಕೆಲಸ ಮಾಡುವವಳು. ಈ ಹುಡುಗಿ ಹುಟ್ಟಾ ಕಿವುಡಿ. ನಾಲ್ಕನೇ ವಯಸ್ಸಿನಲ್ಲಿ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ ಇಟ್ಟಿದ್ದರು. ಅದರಲ್ಲಿ ಎರಡು ಭಾಗ. ಒಂದು ತಲೆಬುರುಡೆಯೊಳಗೆ ಚರ್ಮದಡಿ ಇರುತ್ತದೆ, ಅದರ ತಂತಿ ಒಳಗಿವಿಯೊಳಗೆ ಹೋಗುತ್ತದೆ. ಇನ್ನೊಂದು ಹೊರಗೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಮಷೀನು, ಪ್ರೊಸೆಸರ್. ಹೊರಗಿನದು ಶಬ್ದ ಹಿಡಿದು ಒಳಗಿನದಕ್ಕೆ ಕಳಿಸಬೇಕು. ಹೊರಗಿನದು ಸತ್ತರೆ ಒಳಗಿನದು ಬದುಕಿದ್ದೂ ಪ್ರಯೋಜನವಿಲ್ಲ.

ಅವಳಿಗೆ ಮಾತು ಕಲಿಸಿದವಳು ನಾನೇ. ದೆಹಲಿಯಲ್ಲಿ ಬೆಳೆಯುವ ಮಗು, ಹಿಂದಿಯೊಂದನ್ನೇ ಕಲಿಸಿ ಅಂತ ಎಲ್ಲರೂ ಹೇಳಿದ್ದರು. ಅವಳ ತಾಯಿ ಒಪ್ಪಲಿಲ್ಲ. "ನನಗೆ ಅಳು ಬಂದಾಗ ಕನ್ನಡದಲ್ಲೇ ಅಳ್ತೀನಿ ಮೇಡಂ, ಅವಳಿಗೆ ಗೊತ್ತಾಗಬೇಕಲ್ಲ" ಎಂದಿದ್ದರು. ಹಾಗಾಗಿ ಮೊದಲು ಕನ್ನಡ ಕಲಿಸಿದೆವು, ಹಿಂದಿಯನ್ನು ಅವಳು ಗಲ್ಲಿಯಲ್ಲಿ ತಾನಾಗಿ ಹೆಕ್ಕಿಕೊಂಡಳು. ಈಗ ಹತ್ತೊಂಬತ್ತು ವರ್ಷ, ಬಿ.ಕಾಂ ಎರಡನೇ ವರ್ಷ.

ಮಷೀನನ್ನು ಮೇಜಿನ ಮೇಲೆ ಬಿಚ್ಚಿದೆ. ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ, ತಲೆಗೆ ಅಂಟಿಕೊಳ್ಳುವ ಕಾಯಿಲ್ ಬದಲಿಸಿದೆ. ಪರೀಕ್ಷೆಯ ಇಯರ್‌ಫೋನ್ ತಗುಲಿಸಿ ನಾನೇ ಕೇಳಿ ನೋಡಿದೆ, ಏನೂ ಇಲ್ಲ. ಬ್ಯಾಟರಿ ಕೂರುವ ಜಾಗದ ಲೋಹದ ಪಟ್ಟಿಗಳು ಹಸಿರಾಗಿದ್ದವು. ಹದಿನೈದು ವರ್ಷದ ಬೆವರು. ಕ್ಲಿನಿಕ್ಕಿನಲ್ಲಿ ಕಂಪ್ಯೂಟರಿಗೆ ತಗುಲಿಸಿದಾಗ ಮಾತ್ರ ಓಡುವ ಪರೀಕ್ಷೆಯ ಮಷೀನೊಂದಿದೆ. ಅದನ್ನು ಅವಳ ಕಿವಿಗಿಟ್ಟು ಒಳಗಿನ ಭಾಗವನ್ನು ಪರೀಕ್ಷಿಸಿದೆ. ತಂತಿಯ ಮೇಲಿನ ಎಲ್ಲ ಎಲೆಕ್ಟ್ರೋಡುಗಳೂ ಉತ್ತರ ಕೊಟ್ಟವು. ಕಿವಿ ಚೆನ್ನಾಗಿದೆ, ಹೊರಗಿನದು ಮಾತ್ರ ಹೋಗಿದೆ ಅಂತ ಬರೆದು ತೋರಿಸಿದೆ. ಅವಳು ನಿರಾಳವಾಗಿ ನಕ್ಕಳು. ನಾನೂ ನಕ್ಕೆ. ಒಂದು ವಾರದ ಕೆಲಸ ಎಂದುಕೊಂಡಿದ್ದೆ.

ಕಂಪನಿಯಿಂದ ಮೂರನೇ ದಿನ ಉತ್ತರ ಬಂತು. ಆ ಮಾದರಿಯ ರಿಪೇರಿ ನಿಲ್ಲಿಸಿದ್ದಾರೆ, ಬಿಡಿಭಾಗ ಇಲ್ಲ. ಹೊಸ ಮಾದರಿ ಕೊಳ್ಳಬಹುದು. ಕೊಳ್ಳುವ ಆರ್ಡರ್ ಕೊಟ್ಟರೆ ಅದು ಬರುವ ತನಕ ತಾತ್ಕಾಲಿಕವಾಗಿ ಒಂದನ್ನು ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ಹೊಸದರ ಬೆಲೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಆ ತಂದೆ ಕೈಯಿಂದ ಕೊಡುವಂಥದ್ದಾಗಿರಲಿಲ್ಲ. ಅವರು ಕಚೇರಿಯ ಆರೋಗ್ಯ ಯೋಜನೆಗೆ ಅರ್ಜಿ ಹಾಕಿದರು. "ಫೈಲು ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮೇಡಂ? ನಾಲ್ಕು ತಿಂಗಳು ಅಂದ್ಕೊಳ್ಳಿ" ಎಂದರು. ಆಮೇಲೆ ದನಿ ತಗ್ಗಿಸಿದರು. ಮಗಳಿಗೆ ಹೇಗೂ ಕೇಳಿಸುತ್ತಿರಲಿಲ್ಲ, ಆದರೂ ತಗ್ಗಿಸಿದರು. "ಇವಳ ಅಮ್ಮನಿಗೆ ಶ್ವಾಸಕೋಶ ಗಟ್ಟಿಯಾಗ್ತಾ ಇದೆಯಂತೆ. ಮನೆಯಲ್ಲೇ ಆಕ್ಸಿಜನ್ ಮಷೀನು ಹಾಕಿದ್ದೀವಿ. ಈ ಗಾಳೀಲಿ ಇನ್ನೂ ಕಷ್ಟ."

ಆಗ ನನಗೆ ಕಪಾಟಿನಲ್ಲಿದ್ದ ಇನ್ನೊಂದು ಮಷೀನು ನೆನಪಾಯಿತು. ಹಿಂದಿನ ವರ್ಷ ತೀರಿಕೊಂಡ ನಿವೃತ್ತ ಮೇಷ್ಟರೊಬ್ಬರದು. ಅದೇ ಕಂಪನಿ, ಅದೇ ಮಾದರಿ, ಕೊನೆಯ ದಿನದವರೆಗೂ ಚೆನ್ನಾಗಿ ಓಡಿದ್ದು. ಅವರ ಮಗಳು ಅದನ್ನು ಕ್ಲಿನಿಕ್ಕಿಗೆ ತಂದುಕೊಟ್ಟು, ಯಾರಿಗಾದರೂ ಉಪಯೋಗವಾಗಲಿ ಎಂದು ಹೇಳಿ ಹೋಗಿದ್ದರು. ಆಕೆಗೆ ಫೋನ್ ಮಾಡಿ ಮತ್ತೊಮ್ಮೆ ಅನುಮತಿ ಕೇಳಿದೆ. "ಕೇಳೋದೇನಿದೆ, ಕೊಡಿ" ಎಂದರು.

ಆದರೆ ಒಬ್ಬರ ಮಷೀನನ್ನು ಹಾಗೇ ಇನ್ನೊಬ್ಬರ ಕಿವಿಗೆ ಇಡುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಮ್ಯಾಪ್ ಇರುತ್ತದೆ. ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಕರೆಂಟು ಕೊಟ್ಟರೆ ಸಣ್ಣಗೆ ಕೇಳುತ್ತದೆ, ಎಷ್ಟಕ್ಕೆ ಸಾಕೆನಿಸುತ್ತದೆ ಎಂಬ ಲೆಕ್ಕ. ತಪ್ಪಿದರೆ ನೋವಾಗುತ್ತದೆ. ಮೇಷ್ಟರ ಮ್ಯಾಪ್ ಅಳಿಸಿ ಹುಡುಗಿಯ ಮ್ಯಾಪ್ ತುಂಬಬೇಕಿತ್ತು. ಅರ್ಧ ಗಂಟೆಯ ಕೆಲಸ. ಮಷೀನನ್ನು ಕಂಪ್ಯೂಟರಿಗೆ ತಗುಲಿಸಿ ಅವಳ ಹೆಸರು ಒತ್ತಿದೆ. ತೆರೆಯ ಮೇಲೆ ಒಂದು ಚೌಕ ಬಂತು: ಈ ಸಾಧನ ಬೇರೊಬ್ಬ ಬಳಕೆದಾರರ ಹೆಸರಿನಲ್ಲಿ ನೋಂದಣಿಯಾಗಿದೆ. ಕಂಪನಿಯನ್ನು ಸಂಪರ್ಕಿಸಿ.

ಹುಡುಗಿ ನನ್ನ ಭುಜದ ಹಿಂದಿನಿಂದ ಅದನ್ನು ಓದಿದಳು. "ಬೇರೊಬ್ಬರು ಅಂದ್ರೆ ಯಾರು ಆಂಟಿ?"

"ಒಬ್ಬರು ತಾತ. ತೀರಿಕೊಂಡ್ರು," ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

"ಹಾಗಾದ್ರೆ ಅವರಿಗೆ ಬೇಡ ಅಲ್ವಾ?"

ಕಂಪನಿಗೆ ಬರೆದೆ. ಮರಣಪತ್ರದ ಪ್ರತಿ, ಮೇಷ್ಟರ ಮಗಳ ಸಹಿ ಹಾಕಿದ ಕಾಗದ, ಹುಡುಗಿಯ ಪರೀಕ್ಷೆಯ ವರದಿ, ಎಲ್ಲ ಲಗತ್ತಿಸಿದೆ. ಹತ್ತು ದಿನ ಕಳೆದ ಮೇಲೆ ಗುರುಗ್ರಾಮದ ಆಫೀಸಿನಿಂದ ಅವರ ಇಂಜಿನಿಯರ್ ಬಂದರು. ಒಳ್ಳೆಯ ಮನುಷ್ಯ. ನಾನು ಕೊಟ್ಟ ಚಹಾ ಕುಡಿಯದೆ ಲೋಟವನ್ನೇ ತಿರುಗಿಸುತ್ತಾ ಕೂತಿದ್ದರು.

"ಮ್ಯಾಮ್, ಮಷೀನು ಅವರದೇ. ಆದರೆ ಅದರೊಳಗಿನ ಸಾಫ್ಟ್‌ವೇರ್ ಬಳಸೋ ಹಕ್ಕನ್ನ ಕೊಂಡವರಿಗೆ ಮಾತ್ರ ಕೊಟ್ಟಿರೋದು. ವರ್ಗಾವಣೆ ಇಲ್ಲ. ಒಪ್ಪಂದದಲ್ಲಿದೆ."

"ಪ್ಲಾಸ್ಟಿಕ್ ಡಬ್ಬಿ ಅವರದು, ಕೇಳಿಸೋದು ನಿಮ್ಮದು ಅಂತಾನಾ?"

ಅವರು ತಲೆ ತಗ್ಗಿಸಿದರು. ಮೇಲಿನವರಿಗೆ ಮತ್ತೆ ಬರೆಯುತ್ತೇನೆಂದರು. ಬರೆದರೆಂದೇ ನಂಬುತ್ತೇನೆ.

ಆ ಸಂಜೆಯೇ ನನಗೆ ಸ್ಟೋರ್‌ರೂಮಿನ ಹಳೆಯ ಲ್ಯಾಪ್‌ಟಾಪ್ ನೆನಪಿಗೆ ಬಂತು. ಅದರಲ್ಲಿ ಇದೇ ಕಂಪನಿಯ ಹಳೆಯ ಸಾಫ್ಟ್‌ವೇರ್ ಇತ್ತು. ಆ ಕಾಲದಲ್ಲಿ ಒಂದು ಸಲ ಕೊಂಡರೆ ಮುಗಿಯಿತು, ವರ್ಷವರ್ಷ ಲೈಸೆನ್ಸ್ ನವೀಕರಿಸುವ ಪದ್ಧತಿ ಇರಲಿಲ್ಲ. ಇಂಟರ್ನೆಟ್ಟೂ ಬೇಕಿರಲಿಲ್ಲ. ಮಷೀನು ಯಾರ ಹೆಸರಿನಲ್ಲಿದೆ ಎಂದು ಅದು ಕೇಳುತ್ತಿರಲಿಲ್ಲ. ಹೊಸದು ಬಂದಾಗ ಹಳೆಯದನ್ನು ಅಳಿಸಿಹಾಕಿದ್ದೇವೆಂದು ನಾವು ಕಂಪನಿಗೆ ಬರೆದುಕೊಟ್ಟಿದ್ದೆವು. ಅಳಿಸುವುದು ನನ್ನ ಜವಾಬ್ದಾರಿಯಾಗಿತ್ತು. ಸೋಮಾರಿತನದಿಂದ ಬಿಟ್ಟಿದ್ದೆ.

ನಮ್ಮ ಮುಖ್ಯ ವೈದ್ಯರ ಹತ್ತಿರ ಹೋಗಿ ಹೇಳಿದೆ. ಅವರು ದೆಹಲಿಯವರೇ, ಇಂಥ ಆಪರೇಷನ್ನುಗಳನ್ನು ಬಹಳ ವರ್ಷದಿಂದ ಮಾಡಿದವರು. ಪೂರ್ತಿ ಕೇಳಿದರು.

"ಮಾಡಿದರೆ ಆಗುತ್ತೆ, ನನಗೂ ಗೊತ್ತು," ಎಂದರು ಹಿಂದಿಯಲ್ಲಿ. "ಆದರೆ ಕಂಪನಿಗೆ ಗೊತ್ತಾಗಿ ನಮ್ಮ ಕ್ಲಿನಿಕ್ಕಿನ ಲೈಸೆನ್ಸ್ ಕಿತ್ತುಕೊಂಡರೆ? ಉಳಿದ ಮಕ್ಕಳು ಮ್ಯಾಪಿಂಗಿಗೆ ಎಲ್ಲಿಗೆ ಹೋಗ್ತಾರೆ? ಮೊನ್ನೆ ಆಪರೇಷನ್ ಆದ ಮಗು ಇನ್ನೂ ಮೊದಲ ಶಬ್ದ ಕೇಳಿಲ್ಲ. ಸ್ವಲ್ಪ ಕಾಯಿರಿ. ಕಂಪನಿ ಒಪ್ಪಬಹುದು."

ಅವರ ಮಾತು ತಪ್ಪೆಂದು ಇವತ್ತಿಗೂ ಹೇಳಲಾರೆ. ಆದರೆ ನಿಜ ಹೇಳಬೇಕೆಂದರೆ, ಉಳಿದ ಮಕ್ಕಳ ಹೆಸರು ಕೇಳಿದಾಗ ನನಗೆ ಸಮಾಧಾನವೇ ಆಯಿತು. ಹೆದರಿಕೆ ನನ್ನದೂ ಆಗಿತ್ತು, ಅದಕ್ಕೊಂದು ಒಳ್ಳೆಯ ಕಾರಣ ಸಿಕ್ಕಿತ್ತು. ಕಾದೆ.

ಕಾಯುವಾಗ ನನ್ನ ಕೆಲಸ ನಿಲ್ಲಿಸಿರಲಿಲ್ಲ. ವಾರಕ್ಕೆರಡು ಸಲ ಹುಡುಗಿಯನ್ನು ಕರೆಸಿ ತುಟಿ ನೋಡಿ ಮಾತು ತಿಳಿಯುವ ಅಭ್ಯಾಸ ಮಾಡಿಸಿದೆ. ಕೇಳಿಸದಿದ್ದರೆ ಮಾತು ಹೇಗೆ ಸವೆಯುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಈಗ ಎದುರಿಗೇ ಕಂಡೆ. ಎರಡನೇ ವಾರಕ್ಕೆ ದನಿ ಜೋರಾಯಿತು. ಮೂರನೇ ವಾರಕ್ಕೆ ‘ಸ’ ಕರಗತೊಡಗಿತು. ‘ಸಾಕು’ ಅನ್ನುವುದು ‘ಹಾಕು’ ಆಗಿ ಕೇಳಿಸುತ್ತಿತ್ತು. ಅದನ್ನು ಕಲಿಸಲು ನನಗೆ ಹಿಂದೆ ಒಂದು ಬೇಸಿಗೆ ಹಿಡಿದಿತ್ತು. ಒಂದು ದಿನ ಮೆಟ್ರೋದಲ್ಲಿ ಅವಳು ಅಪ್ಪನಿಗೆ ಏನೋ ಹೇಳಿದಾಗ ಸುತ್ತಲಿನವರೆಲ್ಲ ತಿರುಗಿ ನೋಡಿದರಂತೆ. ಅಂದಿನಿಂದ ಹೊರಗೆ ಮಾತಾಡುವುದನ್ನೇ ಬಿಟ್ಟಳು. ಕಾಲೇಜಿಗೂ ಹೋಗಲಿಲ್ಲ.

ತಂದೆ ಒಂದು ದಿನ ಮೀಸೆ ಬೋಳಿಸಿಕೊಂಡು ಬಂದರು. ನನಗೆ ಒಂದು ಕ್ಷಣ ಗುರುತು ಹತ್ತಲಿಲ್ಲ.

"ಮೇಲ್ದುಟಿ ಕಾಣಲ್ಲ ಅಂದ್ಳು," ಎಂದರು. "ಮದುವೆ ದಿನಾನೂ ತೆಗೆದಿರಲಿಲ್ಲ. ನಮ್ಮನೇವ್ರು ನೋಡಿ ನಕ್ಕು ನಕ್ಕು ಕೆಮ್ಮು ಬಂತು."

ತಾಯಿಯ ಮೂಗಿಗೆ ಆಕ್ಸಿಜನ್ನಿನ ಸಣ್ಣ ಕೊಳವೆ ಹಾಕಿದ್ದರೂ ಬಾಯಿ ತೆರವಾಗಿತ್ತು. ಅವರು ನಿಧಾನವಾಗಿ, ತುಟಿ ಅಗಲಿಸಿ ಮಾತಾಡುತ್ತಿದ್ದರು, ಹುಡುಗಿ ಹಾಸಿಗೆಯ ಪಕ್ಕ ಕೂತು ಓದಿಕೊಳ್ಳುತ್ತಿದ್ದಳು. ಹಾಗಾಗಿ ಹೇಗೋ ನಡೆಯುತ್ತಿದೆ ಎಂದುಕೊಂಡೆ. ನಾಲ್ಕನೇ ವಾರ ಕಂಪನಿಯಿಂದ ಪತ್ರ ಬಂತು. ನಮ್ಮ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದೆ, ಒಪ್ಪಂದದ ಪ್ರಕಾರ ಅವಕಾಶವಿಲ್ಲ, ಹೊಸ ಮಾದರಿಯ ಮೇಲೆ ರಿಯಾಯಿತಿಯಿದೆ. ಮತ್ತೊಂದು ಮನವಿ ಬರೆದೆ. ಇನ್ನೂ ಎರಡು ವಾರ ಹೋದವು.

ಆರನೇ ವಾರದ ಗುರುವಾರ, ಊಟದ ಹೊತ್ತಿಗೆ ತಂದೆಯ ಫೋನ್ ಬಂತು. ತಾಯಿಯನ್ನು ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿದ್ದರು.

"ಮೇಡಂ, ಈಗ ಮಾಸ್ಕ್ ಹಾಕಿದ್ದಾರೆ. ಬಾಯಿ, ಮೂಗು ಎಲ್ಲ ಮುಚ್ಚಿದೆ. ತೆಗೆಯೋ ಹಾಗಿಲ್ಲ. ಇವಳು ನಿನ್ನೆಯಿಂದ ಅಮ್ಮನ ಮುಖ ನೋಡ್ತಾ ಕೂತಿದ್ದಾಳೆ. ಅವಳು ಏನೋ ಹೇಳ್ತಾಳೆ, ಇವಳಿಗೆ ಕಾಣಲ್ಲ. ಬರೆಯೋಕೆ ಅವಳ ಕೈಲಾಗ್ತಿಲ್ಲ." ಆಮೇಲೆ ಕೇಳಿದರು, "ಕಂಪನಿಯಿಂದ ಏನಾದ್ರೂ ಬಂತಾ?"

"ಇಲ್ಲ ಸರ್. ನಾನು ಬರ್ತೀನಿ," ಎಂದೆ.

ಊಟದ ಡಬ್ಬಿ ಮುಚ್ಚಿಟ್ಟು ಸ್ಟೋರ್‌ರೂಮಿಗೆ ಹೋದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ವೈರು ಚುಚ್ಚಿದರೆ ಮಾತ್ರ ಓಡುತ್ತಿತ್ತು. ಅದು ತೆರೆದುಕೊಳ್ಳಲು ಕಾಲು ಗಂಟೆ ಬೇಕಾಯಿತು. ಹಳೆಯ ಸಾಫ್ಟ್‌ವೇರ್ ಇತ್ತು. ಆದರೆ ಅದರಲ್ಲಿದ್ದ ಅವಳ ಮ್ಯಾಪ್ ಎಷ್ಟೋ ವರ್ಷದ ಹಿಂದಿನದು, ಅವಳು ಸ್ಕೂಲಿನಲ್ಲಿದ್ದಾಗಿನದು. ಈಚಿನದು ಹೊಸ ಕಂಪ್ಯೂಟರಿನಲ್ಲಿತ್ತು, ಅದರ ಕಡತವನ್ನು ಹಳೆಯದು ತೆರೆಯುವುದಿಲ್ಲ. ಅದೃಷ್ಟಕ್ಕೆ ನನಗೊಂದು ಹಳೆಯ ಅಭ್ಯಾಸವಿದೆ. ಪ್ರತಿ ಮ್ಯಾಪನ್ನೂ ಕಾಗದದ ಮೇಲೆ ಅಚ್ಚು ತೆಗೆದು ರೋಗಿಯ ಫೈಲಿಗೆ ಹಾಕುತ್ತೇನೆ. ಸಹೋದ್ಯೋಗಿಗಳು ಇದನ್ನು ಕಂಡು ನಗುತ್ತಿದ್ದರು. ಆ ಹಾಳೆ, ಮೇಷ್ಟರ ಮಷೀನು, ಜೋಡಿಸುವ ಕೇಬಲ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡೆ. ವೈದ್ಯರು ಆಪರೇಷನ್ನಿನಲ್ಲಿದ್ದರು. ಅವರು ಹೊರಬರುವವರೆಗೆ ಕಾಯಲಿಲ್ಲ. ಕೇಳಿದ್ದರೆ ಅವರು ಬೇಡವೆನ್ನಬೇಕಾಗುತ್ತಿತ್ತು.

ವಾರ್ಡಿನಲ್ಲಿ ಆರು ಹಾಸಿಗೆ. ತಾಯಿಯದು ಕಿಟಕಿಯ ಪಕ್ಕದ್ದು. ಮಾಸ್ಕಿನಿಂದ ಆಕ್ಸಿಜನ್ ಸುಯ್ಯೆಂದು ಹೊರಬರುತ್ತಿತ್ತು. ಕಣ್ಣು ತೆರೆದಿತ್ತು, ನನ್ನನ್ನು ಗುರುತಿಸಿ ಬೆರಳೆತ್ತಿದರು. ಸಿಸ್ಟರ್ ನನ್ನ ವೈರುಗಳನ್ನು ನೋಡಿ ಗದರಿದರು. ಹುಡುಗಿಯ ಕಿವಿಯ ವಿಷಯ ಹೇಳಿದ ಮೇಲೆ, ಹಾಸಿಗೆಯ ಹಿಂದಿನ ಪ್ಲಗ್ ಮುಟ್ಟಬೇಡಿ, ಬಾಗಿಲ ಪಕ್ಕದ್ದು ತಗೊಳ್ಳಿ ಎಂದರು.

ಕುರ್ಚಿಯ ಮೇಲೆ ಲ್ಯಾಪ್‌ಟಾಪಿಟ್ಟು ನಾನು ನೆಲದ ಮೇಲೆ ಕೂತೆ. ಹುಡುಗಿ ಎದುರಿಗೆ ಕೂತಳು. ಮೇಷ್ಟರ ಮ್ಯಾಪ್ ಅಳಿಸಲೇ ಎಂದು ಸಾಫ್ಟ್‌ವೇರ್ ಕೇಳಿತು. ಹೌದು ಒತ್ತುವಾಗ ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿದೆ. ಹಾಳೆ ನೋಡಿಕೊಂಡು ಒಂದೊಂದೇ ಸಂಖ್ಯೆ ಬೆರಳಚ್ಚು ಮಾಡಿದೆ, ತಂದೆ ಪಕ್ಕದಲ್ಲಿ ಕೂತು ಓದಿ ಹೇಳಿದರು. ಕಚೇರಿಯಲ್ಲಿ ಪ್ರತಿಗಳನ್ನು ತಾಳೆ ನೋಡಿ ಅಭ್ಯಾಸವಿದ್ದವರು, ಒಂದೂ ತಪ್ಪಲಿಲ್ಲ. ಆರು ವಾರ ಮೌನದಲ್ಲಿದ್ದ ನರಕ್ಕೆ ಹಳೆಯ ಮಟ್ಟ ಜೋರಾಗಬಹುದೆಂದು ಎಲ್ಲವನ್ನೂ ಇಳಿಸಿ ಶುರು ಮಾಡಿದೆ. ಸಣ್ಣಗೆ ಕೇಳಿದರೆ ಒಂದು ಬೆರಳು, ಸರಿಯಿದ್ದರೆ ಮೂರು, ನೋವಾದರೆ ಅಂಗೈ. ಚಿಕ್ಕವಳಿದ್ದಾಗಿನಿಂದ ನಮ್ಮ ನಡುವಿನ ಗುರುತು ಅದೇ.

ಒಂದು ಬೆರಳು. ಒಂದು. ಎರಡು. ಮೂರು.

ನಂತರ ಮಷೀನನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಚಾಲೂ ಮಾಡಿದೆ. ಅವಳ ಭುಜಗಳು ಒಮ್ಮೆಲೇ ಮೇಲೆದ್ದವು. ವಾರ್ಡಿನ ಎಲ್ಲ ಶಬ್ದವೂ ಒಟ್ಟಿಗೆ ನುಗ್ಗಿತ್ತು. "ಬಹುತ್ ಶೋರ್ ಹೈ ಆಂಟಿ," ಎಂದಳು. ಅಷ್ಟು ಹೇಳಿ ಹಾಸಿಗೆಗೆ ಬಾಗಿ, ಕಿವಿಯನ್ನು ತಾಯಿಯ ಮಾಸ್ಕಿನ ಹತ್ತಿರ ಹಿಡಿದಳು.

ತಾಯಿ ಏನೋ ಹೇಳಿದರು. ಆಕ್ಸಿಜನ್ನಿನ ಸುಯ್ಯೆನ್ನುವ ಶಬ್ದದ ನಡುವೆ ನನಗೇ ಅರ್ಧ ಕೇಳಿಸಿತು. ಹುಡುಗಿ ಅಪ್ಪನ ಮುಖ ನೋಡಿದಳು.

"ಊಟ ಮಾಡಿದ್ಯಾ ಅಂತ ಕೇಳ್ತಿದ್ದಾಳೆ ಕಣೇ," ಎಂದರು ತಂದೆ.

"ಹೂಂ ಅಮ್ಮ. ಮಾಡ್ದೆ," ಎಂದಳು. ಅವಳು ಮಾಡಿರಲಿಲ್ಲ.

ನಾನು ವೈರುಗಳನ್ನು ಸುತ್ತಿಕೊಂಡು ಹೊರಟೆ. ಇನ್ನು ಆ ಹೊತ್ತು ಅವರಿಗೆ ಸೇರಿದ್ದು ಅನ್ನಿಸಿತು. ಮೆಟ್ರೋದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು, ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಕಣ್ಣು ಮುಚ್ಚಿದೆ. ಆ ನೆಮ್ಮದಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಗ್ಗೆ ತಾಯಿಯನ್ನು ವೆಂಟಿಲೇಟರಿಗೆ ಹಾಕಿದರು. ಸೋಮವಾರ ಹೋದರು.

ಕಂಪನಿಗೆ ನಾನೇ ಬರೆದೆ. ಯಾವ ಮಷೀನು, ಯಾರಿಗೆ, ಯಾವ ಸಾಫ್ಟ್‌ವೇರಿನಲ್ಲಿ ಹಾಕಿದೆ, ಕ್ಲಿನಿಕ್ಕಿಗೆ ಹೇಳದೆ ಹಾಕಿದೆ ಎಂದು ಪೂರ್ತಿ ಬರೆದೆ. ಮುಚ್ಚಿಟ್ಟು ಮುಂದೆಂದೋ ಸಿಕ್ಕಿಬಿದ್ದರೆ ವೈದ್ಯರು ಹೆದರಿದ್ದು ನಿಜವಾಗುತ್ತಿತ್ತು. ವೈದ್ಯರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, "ನನಗೆ ಹೇಳದೆ ಹೋದದ್ದು ಒಳ್ಳೆಯದಾಯ್ತು. ಹೇಳದೆ ಹೋದ್ರಲ್ಲಾ ಅಂತ ಬೇಜಾರೂ ಆಯ್ತು," ಎಂದರು. ಕಂಪನಿ ಕ್ಲಿನಿಕ್ಕಿನ ಲೈಸೆನ್ಸ್ ಮುಟ್ಟಲಿಲ್ಲ. ನನ್ನ ಲಾಗಿನ್ ನಿಲ್ಲಿಸಿದರು. ಮ್ಯಾಪಿಂಗನ್ನು ಈಗ ಇನ್ನೊಬ್ಬರು ಮಾಡುತ್ತಾರೆ. ನಾನು ಶ್ರವಣ ಪರೀಕ್ಷೆ ಮಾಡುತ್ತೇನೆ, ಮಕ್ಕಳಿಗೆ ಮಾತು ಕಲಿಸುತ್ತೇನೆ. ಹಳೆಯ ಲ್ಯಾಪ್‌ಟಾಪಿನಿಂದ ಸಾಫ್ಟ್‌ವೇರನ್ನು ಇಂಜಿನಿಯರ್ ಎದುರಿಗೇ ಅಳಿಸಿದೆ. ಹುಡುಗಿಯ ಕಿವಿಯಲ್ಲಿದ್ದ ಮಷೀನನ್ನು ವಾಪಸು ಕೇಳುವ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಹುಡುಗಿ ಮಾತಿನ ಅಭ್ಯಾಸಕ್ಕೆ ಬಂದಳು. ಮಷೀನು ಚೆನ್ನಾಗಿ ಓಡುತ್ತಿತ್ತು. ಬಾಯಿಗೆ ಕಾಗದ ಅಡ್ಡ ಹಿಡಿದು ನಾನು ಹೇಳಿದ ಹತ್ತು ಪದಗಳಲ್ಲಿ ಒಂಬತ್ತನ್ನು ಸರಿಯಾಗಿ ಹೇಳಿದಳು. ‘ಸ’ ಮರಳಿ ಬಂದಿತ್ತು.

"ಚೆನ್ನಾಗಿದೆ ಪುಟ್ಟಿ," ಎಂದೆ.

ಅವಳು ಮೇಜಿನ ಮೇಲಿನ ಪದಗಳ ಹಾಳೆಯನ್ನು ನೋಡುತ್ತಾ ಕೂತಳು.

"ಆಂಟಿ, ಅವತ್ತು ನೀವು ಹೋದ ಮೇಲೆ ಅಪ್ಪ ಔಷಧಿ ತರೋಕೆ ಕೆಳಗೆ ಹೋದ್ರು. ಆಗ ಅಮ್ಮ ನಂಗೆ ಒಂದು ಮಾತು ಹೇಳಿದ್ರು. ಉದ್ದ ಮಾತು. ನಿಲ್ಲಿಸಿ ನಿಲ್ಲಿಸಿ ಹೇಳಿದ್ರು."

ನಾನು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟೆ.

"ಅಮ್ಮನ ಆವಾಜ್ ಅಂತ ಗೊತ್ತಾಯ್ತು. ಮಾತು ಗೊತ್ತಾಗ್ಲಿಲ್ಲ. ಇನ್ನೊಂದು ಸಲ ಹೇಳಿ ಅಂದ್ರೆ ಅವರಿಗೆ ಕಷ್ಟ. ಅದಕ್ಕೇ ತಲೆ ಆಡಿಸ್ದೆ. ಹೂಂ ಅಮ್ಮ, ಹೂಂ ಅಂದೆ. ಅವರು ನಂಗೆ ಗೊತ್ತಾಯ್ತು, ಸಮಝ್ ಗಯೀ ಅಂದ್ಕೊಂಡ್ರು. ಖುಷಿಯಾದ್ರು." ಹಾಳೆಯ ಅಂಚನ್ನು ಮಡಿಸಿದಳು. "ಅಪ್ಪನಿಗೆ ಹೇಳಿಲ್ಲ. ಅಮ್ಮ ಏನಂದ್ರು ಅಂತ ಕೇಳಿದ್ರು. ಚೆನ್ನಾಗಿ ಓದು ಅಂದ್ರು ಅಂತ ಸುಳ್ಳು ಹೇಳ್ದೆ."

ಬಹುಕಾಲ ನಿಂತುಹೋದ ಕಿವಿ ಮತ್ತೆ ಮಾತು ಹಿಡಿಯಲು ಕೆಲವು ದಿನ ಬೇಕು. ಗಲಾಟೆಯ ಜಾಗದಲ್ಲಿ ಇನ್ನೂ ಹೆಚ್ಚು. ಇದು ನನ್ನ ವೃತ್ತಿಯ ಮೊದಲ ಪಾಠಗಳಲ್ಲೊಂದು. ಆ ಗುರುವಾರ ಚೀಲ ಹೊತ್ತು ಓಡುವಾಗಲೂ ನನಗೆ ಅದು ಗೊತ್ತಿತ್ತು.

"ಆಂಟಿ, ಆ ಹಳೇ ಲ್ಯಾಪ್‌ಟಾಪ್ ಮೊದಲಿಂದಾನೂ ಇಲ್ಲೇ ಇತ್ತಾ?"

"ಇತ್ತು."

"ಮೊದಲೇ ಹಾಕಿದ್ರೆ ಅಮ್ಮ ಹೇಳಿದ್ದು ಗೊತ್ತಾಗ್ತಿತ್ತಾ?"

ಹೇಳೋಕಾಗಲ್ಲ ಪುಟ್ಟಿ, ಅನ್ನಬಹುದಿತ್ತು. ನನ್ನ ಬಾಯಲ್ಲಿ ಆ ಮಾತು ಸಿದ್ಧವಾಗಿಯೂ ಇತ್ತು. ಆದರೆ ಅವಳ ಕಣ್ಣು ನನ್ನ ತುಟಿಯ ಮೇಲಿತ್ತು.

"ಗೊತ್ತಾಗ್ತಿತ್ತು," ಎಂದೆ.

"ಅಚ್ಛಾ," ಎಂದಳು. ಹಾಳೆಯನ್ನು ನನ್ನ ಕಡೆ ತಳ್ಳಿ, ಉಳಿದ ಪದಗಳನ್ನು ಹೇಳಿ ಎಂದಳು. ನಾನು ಕಾಗದವನ್ನು ಬಾಯಿಗೆ ಅಡ್ಡ ಹಿಡಿದೆ. ಅವಳು ತಲೆಯನ್ನು ಸ್ವಲ್ಪ ಓರೆಮಾಡಿ, ಕೇಳಿಸಿಕೊಳ್ಳಲು ಕಾಯುತ್ತಾ ಕೂತಿದ್ದಳು.